ಅರ್ಧ ಗುಳಿಗೆ

ಜನವರಿ 6, ಬೆಳಿಗ್ಗೆ 7
ಗುಳಿಗೆ ಕೊಟ್ಟಾಯಿತು, ಬೆಲ್ಲದ ಚೂರಿನ ಜೊತೆ. ಮಗಳು ಐಶ್ವರ್ಯಳಿಗೆ ಫಿಟ್ಸ್ ಬಾರದೆ ಇವತ್ತಿಗೆ ಐವತ್ತೆರಡು ದಿನ. ಡಾಕ್ಟರು ಕೊಟ್ಟ ಕಾರ್ಡಿನಲ್ಲಿ ಸೊನ್ನೆ ಬರೆದೆ. ಬಂತೇ, ಇಲ್ಲವೇ — ಅಲ್ಲಿ ಅಷ್ಟಕ್ಕೇ ಜಾಗ. ಮಿಕ್ಕಿದ್ದಕ್ಕೆ ಈ ನೋಟ್‌ಬುಕ್. ಯಾರಿಗೂ ತೋರಿಸುವುದಿಲ್ಲ.

ರೊಟ್ಟಿ ತಟ್ಟೆ ಎತ್ತಿ ಒಗೆದಳು. ಪಲ್ಯ ರೊಟ್ಟಿಗೆ ತಾಗಿತ್ತಂತೆ! ಒಂಬತ್ತು ವರ್ಷದ ಹುಡುಗಿ. ಆಮೇಲೆ ತಾನೇ ಅರ್ಧ ತಾಸು ಅತ್ತಳು. ಗುಳಿಗೆ ಶುರುವಾದಾಗಿನಿಂದ ಹೀಗೆ.

ಅತ್ತೆ ಶಾರದವ್ವ: "ನೀನ ಸಲಿಗಿ ಕೊಟ್ಟು ಕೆಡಿಸೀದಿ ನೋಡವಾ." ಎಲ್ಲಕ್ಕೂ ನಾನೊಬ್ಬಳು ಸಿಕ್ಕಿದ್ದೇನಲ್ಲ.

ಜನವರಿ 13, ಸಂಜೆ
ಮೆಣಸಿನಕಾಯಿ ಪೇಟೆ ಜೋರು. ಘಾಟಿಗೆ ಬ್ಯಾಡಗಿ ಊರಿಗೆ ಊರೇ ಸೀನುತ್ತಿದೆ. ಹೋದ ವರ್ಷ ಐಶ್ವರ್ಯ ಒಬ್ಬೊಬ್ಬರ ಸೀನನ್ನೂ ಅಣಕಿಸುತ್ತಿದ್ದಳು — ಅಜ್ಜಿಯದು, ಅಪ್ಪನದು, ಹಮಾಲ ಚಮನಸಾಬರದು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ಸೀನಿದವರ ಕಡೆ ತಿರುಗಿಯೂ ನೋಡುವುದಿಲ್ಲ.

ಟೀಚರ್ ಫೋನ್ ಮಾಡಿದ್ದರು. "ಏಳರ ಮಗ್ಗಿ ಬಾಯಿಪಾಠ ಇತ್ತರಿ, ಈಗ ಅರ್ಧಕ್ಕ ನಿಂದರ್ತಾಳ. ಮೊನ್ನೆ ಗೆಳತಿಗೆ ಕಚ್ಚಿದ್ಲು."

ಮನೆಗೆ ಬಂದವಳ ಕಪಾಳಕ್ಕೆ ಹೊಡೆದೆ. ಬರೆಯಬಾರದು ಅಂದುಕೊಂಡಿದ್ದೆ...

"ಅವ್ವಾ, ನಾ ಕೆಟ್ಟಾಕಿ ಆಗೇನೇನು?"

ಕೆಂಪಾದ ಕೆನ್ನೆಗೆ ಕೊಬ್ಬರಿ ಎಣ್ಣೆ ಸವರಿದೆ. ನಾನೆಂಥ ತಾಯಿ.

ಜನವರಿ 20
ಐಶ್ವರ್ಯಳನ್ನು ಕರೆದುಕೊಂಡು ಇವರೂ ನಾನೂ ಹಾವೇರಿ ಡಾಕ್ಟರ ಹತ್ತಿರ ಹೋಗಿ ಬಂದೆವು. ಸೊನ್ನೆಗಳನ್ನು ನೋಡಿ ಡಾಕ್ಟರಿಗೆ ಖುಷಿ. "ಮನಿಯಾಗ ಹೆಂಗದಾಳ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಇವರು — "ಭಾಳ ಆರಾಮ ಅದಾಳ್ರಿ ಸರ್."

ಬಸ್ಸಿನಲ್ಲಿ ಜಗಳ ತೆಗೆದೆ. ಸಿಟ್ಟಿನ ಸುದ್ದಿ, ಮರೆವಿನ ಸುದ್ದಿ ಯಾಕೆ ಹೇಳಲಿಲ್ಲ?

"ಹೇಳಿದ್ರ ಗುಳಿಗಿ ಬದಲ್ ಮಾಡ್ತಾರ. ಮತ್ತ ಫಿಟ್ಸ್ ಬಂದ್ರ? ಆಕಿ ಸಿಟ್ಟ ತಡಕೋತೇನಿ. ಅದನ್ನ ಇನ್ನೊಮ್ಮೆ ನೋಡಾಕ ನನ್ನ ಕಡಿಂದ ಆಗಂಗಿಲ್ಲ." ಕಣ್ಣು ತುಂಬಿತ್ತು. ಇನ್ನೇನು ಬೈಯಲಿ?

ಜನವರಿ 27, ಬೆಳಿಗ್ಗೆ
ಅತ್ತೆಯ ಅಡಕತ್ತರಿ ತೆಗೆದುಕೊಂಡೆ. ಗುಳಿಗೆ ಎರಡು ಹೋಳು. ಒಂದನ್ನೇ ಬೆಲ್ಲದಲ್ಲಿ ಹುದುಗಿಸಿ ಕೊಟ್ಟೆ. ನುಂಗಿದಳು. ನಾಲ್ಕು ದಿನ ನೋಡೋಣ. ಬರೀ ನಾಲ್ಕು ದಿನ...

ಜನವರಿ 31, ಸಂಜೆ
ಐಶ್ವರ್ಯ ಸೀನಿದಳು. ಅಲ್ಲ, ಅಜ್ಜಿಯ ಸೀನು! "ಆ... ಆ... ಶಿವನ!" ಅತ್ತೆ ಬಾಯಲ್ಲಿದ್ದ ಎಲೆಅಡಿಕೆ ಹೊರಗೆ ಬರುವಷ್ಟು ನಕ್ಕರು. ನಾನು ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಮಗಳು ವಾಪಸ್ ಬಂದಳು.

ಇನ್ನು ನಾಲ್ಕು ದಿನ ಹೀಗೇ ಇರಲಿ.

ಫೆಬ್ರವರಿ 4
ನಿನ್ನೆ ಬೆಳಿಗ್ಗೆ ಜಡೆ ಹಾಕುತ್ತಿದ್ದೆ. ಕತ್ತು ಒಂದು ಕಡೆ ಎಳೆಯಿತು. ರಿಬ್ಬನ್ ನನ್ನ ಕೈಯಲ್ಲೇ ಉಳಿಯಿತು, ಅವಳು ನೆಲಕ್ಕೆ...

ಅತ್ತೆ ಓಡಿಬಂದು ಕೀಲಿಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು. ನಾನು ಡಾಕ್ಟರು ಹೇಳಿದ್ದಂತೆ ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡುತ್ತ ಕೂತೆ. ನಾಲ್ಕು ನಿಮಿಷ. ನಾನೇ ತಂದುಕೊಂಡ ನಾಲ್ಕು ನಿಮಿಷ.

ಪೂರ್ತಿ ಗುಳಿಗೆ ಮತ್ತೆ ಶುರು ಮಾಡಿದ್ದೇನೆ. ಕಾರ್ಡಿನಲ್ಲಿ ಒಂದು ಅಂತ ಬರೆದೆ. ಯಾಕೆ ಬಂತು ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಇವರು: "ಈ ಗುಳಿಗಿ ಸಾಲವಲ್ದು. ಡೋಸ್ ಜಾಸ್ತಿ ಮಾಡ್ರಿ ಅಂತ ಹೇಳೂಣು."

ನಾನು ಬಾಯಿ ಬಿಡದಿದ್ದರೆ ಡೋಸ್ ಏರುತ್ತದೆ. ಬಿಟ್ಟರೆ, ಮಗಳನ್ನು ನೆಲಕ್ಕೆ ಕೆಡವಿದವಳು ನಾನೇ ಅಂತ ಇವರಿಗೆ ಗೊತ್ತಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ 6, ಹಾವೇರಿ, 11.20
ದವಾಖಾನೆ ಬೆಂಚು. ಇವರು ಚೀಟಿ ಮಾಡಿಸಲು ಹೋಗಿದ್ದಾರೆ. ಐಶ್ವರ್ಯ ಈಗಷ್ಟೇ ನನ್ನ ಕಿವಿಯಲ್ಲಿ —

"ಅವ್ವಾ, ನೀ ಗುಳಿಗಿ ಅರ್ಧಾ ಮಾಡಿದ್ದು ನಾ ಯಾರಿಗೂ ಹೇಳಿಲ್ಲ."

"ನಿನಗ ಹೆಂಗ ಗೊತ್ತಾತು?"

"ಕತ್ತರಿಸಿದ್ದು ಭಾಳ ಕಹಿ ಇರತೈತಿ. ಬೆಲ್ಲದಾಗೂ ಗೊತ್ತಾಗತೈತಿ." ಸ್ವಲ್ಪ ಹೊತ್ತು ಕಾಲು ಅಲ್ಲಾಡಿಸಿದಳು. "ಆದ್ರ ಅವಾಗ ನಾ ಚೊಲೋ ಹುಡುಗಿ ಆಗಿದ್ನಿ. ಹೌದಿಲ್ಲೋ?"

ಅಷ್ಟೂ ದಿನ ಕಹಿ ನುಂಗಿ ಸುಮ್ಮನಿದ್ದಾಳೆ, ನನ್ನ ಕೂಸು.

ಹೆಸರು ಕರೆದರು. ಇವರು ಬಂದು ಕಾರ್ಡಿಗೆ ಕೈ ಚಾಚಿದ್ದಾರೆ. ಕಾರ್ಡು ಬೇಡ. ಡಾಕ್ಟರಿಗೆ ಈ ನೋಟ್‌ಬುಕ್ಕನ್ನೇ ಕೊಡುತ್ತೇನೆ.