ನಾಲ್ಕನೇ ಹಸುವಿನ ಕಲಗಚ್ಚು

ಇಸವಿ ಎರಡು ಸಾವಿರದ ಇನ್ನೂರ ಹತ್ತೊಂಬತ್ತು, ಹದಿಮೂರನೇ ತಿಂಗಳ ಆರನೇ ದಿನ
ಗುಬ್ಬಿ ಸೀಮೆಯ ತೇಗುಮನೆಯಿಂದ

ಸಿದ್ದಗಂಗಮ್ಮಕ್ಕನವರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳ ಲೆಕ್ಕಕ್ಕೆ ಸಿಗದಷ್ಟು ಬೆಳೆದ ಮೇಲೆ ನಮ್ಮ ಹಿರಿಯರು ಇನ್ನೊಂದು ತಿಂಗಳನ್ನು ಸೇರಿಸಿಕೊಂಡರು, ಅದಕ್ಕೆ ಕಾವುತಿಂಗಳು ಎನ್ನುತ್ತೇವೆ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನೀವು ಇದನ್ನು ಓದುವಾಗ ನಿಮಗೆ ನಲವತ್ತೊಂದು ವರ್ಷ, ಬರೆಯುತ್ತಿರುವ ನನಗೆ ಐವತ್ತೆಂಟು. ಆದರೂ ಇನ್ನೂರು ವರ್ಷ ಮೊದಲು ಹುಟ್ಟಿದವರನ್ನು ಅಕ್ಕ ಎನ್ನದೆ ವಿಧಿಯಿಲ್ಲ.

ನನ್ನ ಹೆಸರು ತಾರಿಣಿ. ಹನ್ನೊಂದು ಹಸುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ತೇಗುಮನೆ ಎಂದರೆ ಗಾಜಿನ ಗೋಡೆಯ ಕೊಟ್ಟಿಗೆ. ಮೆಲುಕು ಹಾಕುವ ಹಸು ತೇಗಿದಾಗ ಬರುವ ಗಾಳಿ ಭೂಮಿಯ ಬಿಸಿ ಹೆಚ್ಚಿಸುತ್ತದೆ ಎಂದು, ನೀವು ಕೆಲಸಕ್ಕಿರುವ ಕೊಟ್ಟಿಗೆಯಲ್ಲಿ ಮೇವಿನ ಪ್ರಯೋಗ ನಡೆಸುವ ನಿಮ್ಮ ಸಾಹೇಬರು ಹೇಳಿದ್ದನ್ನು ಕೇಳಿರುತ್ತೀರಿ. ಆ ಗಾಳಿಯನ್ನು ನಾವು ದಿನಕ್ಕೊಮ್ಮೆ ಅಳೆಯುತ್ತೇವೆ. ಮಿಕ್ಕಂತೆ ಸಗಣಿ ಬಾಚುವುದು, ಮೈ ತೊಳೆಯುವುದು, ಒದೆ ತಿನ್ನುವುದು ಎಲ್ಲ ನಿಮ್ಮ ಕಾಲದ ಹಾಗೆಯೇ. ಊರಿಗೆಲ್ಲ ಹಾಲು ಬರುವುದು ಉಕ್ಕಿನ ತೊಟ್ಟಿಗಳಿಂದ. ಅದೂ ಬೆಳ್ಳಗಿದೆ, ಕಾಯಿಸಿದರೆ ಉಕ್ಕುತ್ತದೆ, ಆದರೆ ಕೆನೆ ಕಟ್ಟುವುದಿಲ್ಲ. ಕೆನೆಯ ನೆನಪಿರುವ ಕೆಲವರಿಗಾಗಿ ಈ ಹನ್ನೊಂದು ಉಳಿದಿವೆ.

ಈಗ ಸೀಮೆಯ ಸಭೆಯವರು ಒಂದು ಮಿತಿ ಇಟ್ಟಿದ್ದಾರೆ. ಯುಗಾದಿಯೊಳಗೆ ಹಸುಗಳ ತೇಗು ಮೂರರಲ್ಲೊಂದು ಪಾಲು ಇಳಿಯಬೇಕು. ಇಳಿಯದಿದ್ದರೆ ಯಾರೂ ಅವನ್ನು ಕೊಲ್ಲುವುದಿಲ್ಲ, ಕರು ಹಾಕಿಸಲು ಅಪ್ಪಣೆ ಕೊಡುವುದಿಲ್ಲ, ಅಷ್ಟೆ. ಸಭೆಯವರು ಕೆಟ್ಟವರಲ್ಲ, ಬಿಸಿಲಿಗೆ ಬೆಂದವರು. ಆದರೆ ನಮ್ಮ ಕಡಸು ಚುಕ್ಕಿಗೆ ಈಗಿನ್ನೂ ಎರಡು ವರ್ಷ. ಅವಳು ತಾಯಾಗದೆ ಮುದಿಯಾಗುವುದನ್ನು ನೆನೆದರೆ ನನಗೆ ಅಳು ಬರುತ್ತದೆ. ತೇಗು ಇಳಿಸುವ ಕಡಲಪಾಚಿ ಒಂದಿತ್ತು. ಕಡಲು ಬಿಸಿಯಾದ ಮೇಲೆ ಅದು ಬೆಳೆಯುವುದೇ ನಿಂತಿತು.

ಬೇರೆ ದಾರಿ ಹುಡುಕುತ್ತಾ ಹಳೆಯ ಕಡತಗಳನ್ನು ತೆಗೆಸಿದಾಗ ನಿಮ್ಮ ಸಾಹೇಬರ ನೋಟ್‌ಬುಕ್ ಸಿಕ್ಕಿತು. ನಾಲ್ಕು ಹಸುಗಳಿಗೆ ಒಂದು ತಿಂಗಳು ತೂಕ ಮಾಡಿದ ಹೊಸ ಮೇವು ಕೊಟ್ಟ ಪ್ರಯೋಗ ಅದು. ಮೂರು ಹಸುಗಳ ತೇಗು ಕದಲಲಿಲ್ಲ. ನಾಲ್ಕನೆಯದರದು ಎರಡನೇ ವಾರದಲ್ಲಿ ಅರ್ಧಕ್ಕಿಳಿದಿದೆ. ಆ ಅಂಕಿಗಳ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಹೀಗೆ ಬರೆದಿದ್ದಾರೆ: "ಗೋದಲಿಯ ಅಂಚಿನಲ್ಲಿ ಕಲಗಚ್ಚಿನ ಕಲೆ. ಕೇಳಿದರೆ ಸಿದ್ದಗಂಗಮ್ಮ, ‘ಏನೂ ಹಾಕಿಲ್ಲ ಸಾ, ನಮ್ಮಪ್ಪನಾಣೆ’ ಅನ್ನುತ್ತಾಳೆ. ಈ ಹಸುವನ್ನು ಲೆಕ್ಕದಿಂದ ಕೈಬಿಡಲಾಗಿದೆ." ಅದರ ಕೆಳಗೆ ಎರಡು ಬೆರಳಗಲ ಖಾಲಿ ಜಾಗವಿದೆ.

ಅಕ್ಕಾ, ನೀವು ಹಾಕಿದ್ದೀರಿ. ಹಸುವಿಗಿಡದೆ ತಾನು ಉಣ್ಣಬಾರದು ಎಂದು ಕಲಿತ ಮನೆಯವರು ನೀವು. ತೂಕದ ಮೇವಿಗೆ ಮುಖ ತಿರುಗಿಸಿ ನಿಂತ ಹಸುವಿನ ಎದುರು ಬುತ್ತಿ ಬಿಚ್ಚಲು ನಿಮಗೆ ಮನಸ್ಸು ಬರಲಿಲ್ಲ, ಮನೆಯಿಂದ ಬಕೆಟ್ಟಿನಲ್ಲಿ ಕಲಗಚ್ಚು ತಂದಿರಿ. ಕೆಲಸ ಹೋದೀತೆಂದು ಸುಳ್ಳು ಹೇಳಿದಿರಿ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಆಣೆ ಇಡುವಾಗ ಅಪ್ಪನೊಬ್ಬನನ್ನು ಬಿಡುತ್ತಿದ್ದೆನೇನೋ.

ನಮ್ಮಲ್ಲಿ ಕಲಗಚ್ಚು ಎಂಬುದೇ ಇಲ್ಲ. ಅಡುಗೆಮನೆ ಬೀದಿಗೊಂದು, ಅಕ್ಕಿ ತೊಳೆದೇ ಬರುತ್ತದೆ, ತರಕಾರಿ ಸಿಪ್ಪೆ ಕಳಚಿಕೊಂಡೇ ಬರುತ್ತದೆ. ಹಾಗಾಗಿ ನಾನು ನಿಘಂಟು ನೋಡಿ ಕಲಗಚ್ಚು ಮಾಡಲು ಕುಳಿತೆ. ಅಕ್ಕಿ ತೊಳೆದ ಅಕ್ಕಚ್ಚು, ಹಳಸಿದ ಅನ್ನ, ಬಾಳೆಕಾಯಿ ಸಿಪ್ಪೆ, ರಾಗಿ ತೌಡು ಎಂದು ನಲವತ್ತಮೂರು ಬಗೆ ಕಲಸಿದೆ. ಹಸುಗಳು ಸಂತೋಷವಾಗಿ ಕುಡಿದವು, ಕುಡಿದು ಇನ್ನಷ್ಟು ಜೋರಾಗಿ ತೇಗಿದವು.

ಕೊನೆಗೆ ಹಿಂದಂಚೆಗೆ ಬಂದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಜನ ಅದನ್ನು ತೀರಿಕೊಂಡ ತಾಯಿಗೋ ಗಂಡನಿಗೋ ಬರೆಯುತ್ತಾರೆ. "ಇರೋದೊಂದು ಕಾಗ್ದ, ಅದುನ್ನೂ ದನದ ಮುಸುರೆಗೆ ಖರ್ಚು ಮಾಡ್ತೀಯಲ್ಲಕ್ಕ" ಎಂದು ನನ್ನ ತಂಗಿ ನಗುತ್ತಾಳೆ. ಅವ್ವನಿಗೆ ಹೇಳಬೇಕಾದ ಮಾತು ನನಗೂ ಇತ್ತು. ಚುಕ್ಕಿಯ ಮುಖ ನೋಡಿ ಅದನ್ನು ನುಂಗಿಕೊಂಡಿದ್ದೇನೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಆ ವಾರ ನಿಮ್ಮ ಮನೆಯಲ್ಲಿ ಏನು ಅಡುಗೆಯಾಗಿತ್ತು, ಯಾವ ಸೊಪ್ಪಿನ ದಂಟು, ಯಾವ ಕಾಯಿಯ ಸಿಪ್ಪೆ, ಯಾವ ಬೀಜ ಆ ಬಕೆಟ್ಟಿಗೆ ಬಿತ್ತು? ನೆಂಟರು ಬಂದಿದ್ದರೇ, ಹಬ್ಬವಿತ್ತೇ? ನೆನಪಾದಷ್ಟನ್ನು ಸಾಹೇಬರು ಊಟಕ್ಕೆ ಹೋದಾಗ ಆ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆದುಬಿಡಿ, ಅದೇ ಪುಟ ಈಗ ನನ್ನ ಕೈಯಲ್ಲಿದೆ. ಅಕ್ಷರ ಹೇಗಿದ್ದರೂ ಚಿಂತೆಯಿಲ್ಲ.

ಬರೀ ಕೇಳುವುದು ಸರಿಯಲ್ಲ, ನನ್ನದನ್ನೂ ಹೇಳುತ್ತೇನೆ. ನಿಮ್ಮ ವಿಷಯ ಓದಿದಂದಿನಿಂದ ನನ್ನ ಮುದ್ದೆಯ ಮೊದಲ ತುತ್ತನ್ನು ಚುಕ್ಕಿಗೆ ಹಾಕಿಯೇ ಉಣ್ಣುತ್ತಿದ್ದೇನೆ. ನಮ್ಮ ಅಳತೆಯ ಪುಸ್ತಕದಲ್ಲಿ ಅದನ್ನು ನಾನೂ ಬರೆದಿರಲಿಲ್ಲ. ಇವತ್ತು ಬರೆದು, ಸಹಿ ಮಾಡಿ, ಆಮೇಲೆ ಈ ಕಾಗದಕ್ಕೆ ಕುಳಿತಿದ್ದೇನೆ.

ನಾಳೆ ಬೆಳಗ್ಗೆ ಹಾಲು ಕರೆದು, ಕೈ ತೊಳೆದುಕೊಂಡು, ನಿಮ್ಮ ಸಾಹೇಬರ ನೋಟ್‌ಬುಕ್ ತೆರೆಯುತ್ತೇನೆ. ಇವತ್ತು ನೋಡಿದಾಗ ಆ ಎರಡು ಬೆರಳಗಲ ಖಾಲಿಯೇ ಇತ್ತು.

ನಿಮ್ಮ,
ತಾರಿಣಿ