ಕಂಪ್ಯೂಟರಿನ ಕೊಟ್ಟಿಗೆಗೆ ಬಾಗಿಲಿಲ್ಲ

ಮಾನ್ಯ ಪಶುಪಾಲನಾ ಅಧಿಕಾರಿಗಳೇ,

ನಿಮ್ಮ ಎರಡನೇ ಪಟ್ಟಿ ತಲುಪಿದೆ. ನಮ್ಮ ಇನ್ನೂ ಮೂರು ಹಸುಗಳನ್ನು ತಿಂಗಳೊಳಗೆ ಸಾಗಹಾಕಬೇಕೆಂದು ಕಂಪ್ಯೂಟರ್ ಹೇಳಿದೆಯಂತೆ. ಸಾಗಹಾಕುವುದಿಲ್ಲ. ಕೂಗಾಡುವ ಶಕ್ತಿ ಉಳಿದಿಲ್ಲ, ಅದಕ್ಕೇ ಎಲ್ಲರೂ ಓದಲೆಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮೊದಲ ಪಟ್ಟಿಯಲ್ಲಿದ್ದದ್ದು ನಾಲ್ಕನೇ ನಂಬರಿನ ಹಸು ಒಂದೇ. ನಮಗೆ ಅವಳು ಅಜ್ಜಿ. ದಿನಕ್ಕೆ ಮೂರೇ ಲೀಟರ್ ಹಾಲು, ತಿನ್ನುವುದು ಮಾತ್ರ ಎಲ್ಲರಷ್ಟೇ. ಆದರೆ ಅವಳ ಕೊರಳ ಗಂಟೆ ಮುಂದೆ ಹೋದರೆ ಉಳಿದ ಹನ್ನೊಂದು ಹಿಂದೆ ಬರುತ್ತಿದ್ದವು. ನಿಮ್ಮ ಸಿಬ್ಬಂದಿ ಲ್ಯಾಪ್‌ಟಾಪ್ ತೆರೆದು, ಅಜ್ಜಿಯಿಲ್ಲದ ಕೊಟ್ಟಿಗೆಯ ಮುಂದಿನ ಐದು ವರ್ಷವನ್ನು ಪರದೆಯ ಮೇಲೆ ಐದೇ ನಿಮಿಷದಲ್ಲಿ ನಡೆಸಿ ತೋರಿಸಿದರು.

"ನೋಡಿ ಅಮ್ಮಾ, ಹಾಲಿನ ಗೆರೆ ಎಷ್ಟು ಚೆನ್ನಾಗಿ ಏರ್ತಿದೆ!"

"ಏರ್ಲಿ ಬಿಡಪ್ಪ. ಅವಳಿಲ್ದೆ ಉಳಿದವು ಒಳಗೆ ಬರ್ತಾವಾ?"

"ಅದನ್ನ ತುಂಬೋಕೆ ಇದ್ರಲ್ಲಿ ಜಾಗ ಇಲ್ಲಮ್ಮ."

ಸಲಹೆ ಪಾಲಿಸದವರಿಗೆ ರಿಯಾಯಿತಿ ಮೇವಿಲ್ಲ ಎಂಬುದು ನಿಮ್ಮ ನಿಯಮ. ಸಲಹೆಗೂ ಆಜ್ಞೆಗೂ ಇರುವ ವ್ಯತ್ಯಾಸ ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಗೊತ್ತಿದೆಯೇ?

ಮೇವಿಗಾಗಿ ಒಪ್ಪಿದೆವು, ಲಾರಿ ಬಂತು. ಎಲ್ಲಿಗಾದರೂ ಮೊದಲು ಕಾಲಿಡುವುದು ಅಜ್ಜಿಯ ಅಭ್ಯಾಸ. ಲಾರಿಯನ್ನೂ ತಾನಾಗಿಯೇ ಹತ್ತಿದಳು. ಉಳಿದ ಹನ್ನೊಂದೂ ಹತ್ತಲು ಅವಳ ಹಿಂದೆ ಸಾಲಾಗಿ ನಿಂತವು. ಅವನ್ನು ತಡೆಯುತ್ತ ನನ್ನ ಮೈದುನ ಮುಖ ತಿರುಗಿಸಿಕೊಂಡ. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನದಿಂದ ಹಾಲು ಕರೆಯುವ ಕೋಣೆಯ ಬಾಗಿಲಲ್ಲಿ ಹಸುಗಳು ನಿಂತುಬಿಟ್ಟವು. ಮೊದಲು ಕಾಲಿಡಲು ಯಾವುದಕ್ಕೂ ಧೈರ್ಯವಿಲ್ಲ. ಎಳೆದು ತಂದ ಹಸುಗಳು ಹೆದರಿ ಹಾಲು ಇಳಿಸಲಿಲ್ಲ. ಹಾಲು ಕಡಿಮೆಯಾಯಿತೆಂದು ನಿಷ್ಠೆಯಿಂದ ವರದಿ ಮಾಡಿದವಳೂ ನಾನೇ. ಅದನ್ನೇ ನೋಡಿ ನಿಮ್ಮ ಕಂಪ್ಯೂಟರ್ ಈ ಮೂರನ್ನು ಆರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಯಂತ್ರಕ್ಕೂ ಕಲಿಸಿದ್ದೀರಿ, ಸಂತೋಷ.

ಕಂಪ್ಯೂಟರನ್ನು ನಾನು ಹಳಿಯುತ್ತಿಲ್ಲ. ಮೇವಿನ ವಿಷಯದಲ್ಲಿ ಅದು ಹೇಳಿದ್ದು ಸರಿಯಿತ್ತು, ಕೇಳಿದೆವು. ಆದರೆ ಅದರ ಹಸುಗಳು ಯಾವಾಗಲೂ ಒಳಗೇ ಇರುತ್ತವೆ. ಆ ಕೊಟ್ಟಿಗೆಗೆ ಬಾಗಿಲೇ ಇಲ್ಲ. ನಮ್ಮದಕ್ಕೆ ಇದೆ.

"ಅತ್ತಿಗೆ, ನೀವೇ ಒಮ್ಮೆ ಮುಂದೆ ನಡೀರಿ, ಬಂದ್ರೂ ಬಂದಾವು" ಎಂದ ಮೈದುನ. ಲಾರಿ ಹೊರಡುವ ಮುನ್ನ ಬಿಚ್ಚಿಟ್ಟುಕೊಂಡಿದ್ದ ಅಜ್ಜಿಯ ಗಂಟೆ ಈಗ ನನ್ನ ಕೊರಳಲ್ಲಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆಯುತ್ತೇನೆ. ಬರುತ್ತವೆ. ಹಾಲೂ ನಿಧಾನವಾಗಿ ಮರಳುತ್ತಿದೆ. ಮಂಡಿ ನೋಯುತ್ತದೆ, ಅದು ಬೇರೆ ಮಾತು.

ಕೇಳುವುದು ಇಷ್ಟೇ: ಎರಡನೇ ಪಟ್ಟಿಯನ್ನು ತಡೆಹಿಡಿಯಿರಿ. ಒಂದು ಬೆಳಿಗ್ಗೆ ಬಂದು ಆ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಸಹಿ ಹಾಕಿ. ಆಗದಿದ್ದರೆ ನನ್ನನ್ನೂ ಪಟ್ಟಿಗೆ ಸೇರಿಸಿ. ನಿಮ್ಮ ನಿಯಮದಂತೆ ಮೊದಲು ಲಾರಿ ಹತ್ತಬೇಕಾದವಳು ನಾನೇ, ವಿವರ ಕೆಳಗಿದೆ.

ಇಂತಿ,
ವಯಸ್ಸು ಅರವತ್ತೊಂದು, ಹಾಲು ಸೊನ್ನೆ ಲೀಟರ್,
ಸದ್ಯಕ್ಕೆ ಮಂದೆಯ ಮುಂದೆ ನಡೆಯುವವಳು