ಬ್ಯಾಂಕು ಅಬಿಜಾನಿಗೆ ಮರಳುವ ಮುನ್ನ

ಅಬಿಜಾನ್
6 ಜುಲೈ 2014, ಭಾನುವಾರ

ಆಹುವಿನ ಅಪ್ಪನಿಗೆ, ಅವಳ ಅವ್ವ ಅಫೂಯೆ ಮಾಡುವ ನಮಸ್ಕಾರ.

ಮೊನ್ನೆ ತಾನೇ ಫೋನಿನಲ್ಲಿ ಮಾತಾಡಿದವಳು ಇವತ್ತು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಿಮಗೆ ಸುಳ್ಳು ಹೇಳಿ ಹೇಳಿ ನನಗೆ ರೂಢಿಯಾಗಿಬಿಟ್ಟಿದೆ. ಕಾಗದದ ಮುಂದೆ ಕೂತರೆ ಕೈ ನಿಧಾನ, ಸುಳ್ಳು ಅಷ್ಟು ಬೇಗ ಹೊಳೆಯುವುದಿಲ್ಲ.

ಹನ್ನೊಂದು ವರ್ಷದ ಮೇಲೆ, ಆಫ್ರಿಕಾದ ದೇಶಗಳೆಲ್ಲ ಸೇರಿ ಕಟ್ಟಿದ ಬ್ಯಾಂಕು ಟ್ಯೂನಿಸ್ ಬಿಟ್ಟು ತನ್ನ ಊರಿಗೆ ಬರುತ್ತಿದೆ, ಜೊತೆಗೆ ನಾನೂ ಬರುತ್ತಿದ್ದೇನೆ ಎಂದಿರಿ. ಬ್ಯಾಂಕಿನ ಆ ಎತ್ತರದ ಕಟ್ಟಡದ ಕಿಟಕಿ ತೊಳೆಯುವವರನ್ನು ನಾನು ಗೇಟಿನ ಎದುರು ಮರಗೆಣಸಿನ ಅಚೆಕೆ ಮತ್ತು ಮೀನು ಮಾರುತ್ತ ದಿನಾ ನೋಡುತ್ತಿದ್ದೇನೆ. ಕೊನೆಗೆ ನೀವು ಹೇಳಿದ್ದು, "ಬ್ಯಾಂಕಿಗೆ ಐವತ್ತು ತುಂಬ್ತು ನೋಡು. ನನ್ನ ಪೆಟ್ಟಿಗೆ ಕೆಳಗಿಳಿಸಿ ಇಡು, ಗೆಳೆಯರಿಗೆಲ್ಲ ತೋರಿಸ್ಬೇಕು." ನಾನು ಹೂಂ ಎಂದೆ.

ಪೆಟ್ಟಿಗೆ ಇಲ್ಲ. ಮೂರು ವರ್ಷದಿಂದ ಇಲ್ಲ.

ಇಲ್ಲಿಗೆ ಕಾಗದ ಮಡಚಿ ಎದ್ದುಹೋಗಬೇಡಿ. ಪೂರ್ತಿ ಓದಿ.

ಆ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದು ನಿಮ್ಮನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ಬ್ಯಾಂಕಿನ ಫೋಟೋಗ್ರಾಫರಾಗಿ ತೆಗೆದ ಒಳ್ಳೆಯ ಚಿತ್ರಗಳನ್ನೆಲ್ಲ ನೀವು ಬ್ಯಾಂಕಿಗೆ ಕೊಟ್ಟಿದ್ದಿರಿ. ಮಂತ್ರಿಗಳು ಆಕಳಿಸಿದ್ದು, ಗವರ್ನರುಗಳು ಶೂ ಬಿಚ್ಚಿ ಕಾಲು ಚಾಚಿದ್ದು, ಇಂಥವು ಯಾರಿಗೂ ಬೇಡವಾಗಿದ್ದವು. ಅವೇ ನಿಮಗೆ ಪ್ರಾಣ. ನೀವು ಹೋದ ಮೇಲೆ ಭಾನುವಾರ ಭಾನುವಾರ ಆ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನಿಮಗೆ ಕ್ಯಾಮೆರಾ ಕಲಿಸಿದ ಗುರುಗಳು ತೆಗೆದ 1966ರ ಜುಲೈ ತಿಂಗಳದು: ಹುಟ್ಟಿ ಎರಡು ವರ್ಷಕ್ಕೆ ಬ್ಯಾಂಕು ಬಾಗಿಲು ತೆರೆದ ಹೊಸತರಲ್ಲಿ ಹತ್ತೇ ಹತ್ತು ಜನ, ಕುರ್ಚಿ ಸಾಲದೆ ಮೇಜಿನ ಮೇಲೆ ಕೂತಿದ್ದಾರೆ. 1982ರದು: ಆಫ್ರಿಕಾದ ಆಚೆಯ ದೇಶಗಳನ್ನೂ ಸದಸ್ಯರಾಗಿ ಸೇರಿಸಿಕೊಂಡ ವರ್ಷ. ನಮ್ಮ ಮನೆ ನಾವೇ ಕಟ್ಟಿದ್ದು, ಹೊರಗಿನವರಿಗೆ ಯಾಕೆ ಕೀಲಿ ಎಂದು ಕ್ಯಾಂಟೀನಿನಲ್ಲಿ ಜಗಳವೋ ಜಗಳ. ಆ ಜಗಳದ ನಡುವೆ ಬಡಿಸಲು ತಟ್ಟೆ ಹಿಡಿದು ಬಾಯಿ ತೆರೆದು ನಿಂತವಳು ನಾನು. ನನ್ನನ್ನು ತೆಗೆದು ಫಿಲ್ಮು ಹಾಳು ಮಾಡಿದಿರಿ ಎಂದು ನಾನು ಬೈದದ್ದಕ್ಕೆ ಮಾರನೆಯ ವರ್ಷ ಮದುವೆಯಾದಿರಿ.

ಕಡೆಯ ಸುರುಳಿ 2003ರ ಫೆಬ್ರವರಿಯದು. ಯುದ್ಧದಲ್ಲಿ ದೇಶ ಉತ್ತರ ದಕ್ಷಿಣ ಎಂದು ಎರಡು ಹೋಳಾಗಿ, ಬ್ಯಾಂಕು ಸ್ವಲ್ಪ ದಿನದ ಮಟ್ಟಿಗೆ ಎಂದು ಟ್ಯೂನಿಸಿಗೆ ಹೊರಟ ವಾರ. ಜನ ಕಂಪ್ಯೂಟರು, ಹೂಕುಂಡ ಹೊತ್ತು ಮೆಟ್ಟಿಲಿಳಿಯುತ್ತಿದ್ದಾರೆ. ಅವರ ಜೊತೆ ಹೊರಟ ನೀವು, ಆರೇ ತಿಂಗಳು ಎಂದು ಆ ಸುರುಳಿಯನ್ನು ನನ್ನ ಕೈಗಿಟ್ಟಿರಿ.

ಆರು ತಿಂಗಳು ಆರು ವರ್ಷವಾಯಿತು. 2009ರಲ್ಲಿ ನನ್ನ ಅವ್ವನ ಮಣ್ಣಿಗೆ ಬಂದಾಗ ಈಗಲಾದರೂ ನನ್ನ ಜೊತೆ ಬಾ ಎಂದಿರಿ. ನಾನು ಬರುವುದಿಲ್ಲ ಎಂದೆ. "ಮೀನು ಮಾರೋಕೆ ಗಂಡನ್ನ ಬಿಟ್ಟಿರ್ತೀಯಾ?" ಎಂದಿರಿ. "ಫೋಟೋ ತೆಗೆಯೋಕೆ ಹೆಂಡ್ತಿನ ಬಿಟ್ಟು ಹೋದೋರು ಯಾರಂತೆ?" ಎಂದೆ. ಆಮೇಲೆ ನೀವು ಬರಲಿಲ್ಲ, ನಾನೂ ಬನ್ನಿ ಎನ್ನಲಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಿತ್ತು. ಇಲ್ಲಿ ನಾನು ಬೈದರೆ ನಾಲ್ಕು ಜನ ನಗುತ್ತಾರೆ, ಉಂಡು ಹೊಗಳುತ್ತಾರೆ. ಅಲ್ಲಿ ಕೈಗೆ ಕೆಲಸವಿಲ್ಲ, ಬಾಯಿಗೆ ಭಾಷೆಯಿಲ್ಲ. ನಿಮ್ಮ ಮನೆಯ ಮೂಲೆಯಲ್ಲಿ ಕೊಡೆಯ ಹಾಗೆ ನಿಂತಿರಬೇಕಿತ್ತು.

ಆಮೇಲೆ 2011 ಬಂತು. ಜನವರಿಯಲ್ಲಿ ನಿಮ್ಮ ಟ್ಯೂನಿಸ್ ಹೊತ್ತಿ ಉರಿಯಿತು. ಫೋನು ಮಾಡಿದರೆ ಹಿಂದೆ ಢಂ ಢಂ ಸದ್ದು. ಅದೇನು ಎಂದರೆ ನೀವು ಎಷ್ಟು ಸಲೀಸಾಗಿ ಹೇಳಿದಿರಿ: "ಪಕ್ಕದ್ಮನೇಲಿ ಮದುವೆ ಕಣೇ, ಪಟಾಕಿ." ನಾನು ನಂಬಿದವಳ ಹಾಗೆ, ಊಟಕ್ಕೆ ಕರೆದಿದ್ದಾರಾ ಎಂದೆ. ತಿಂಗಳು ಕಳೆಯುವುದರಲ್ಲಿ ಚುನಾವಣೆಯ ಜಗಳ ಬೆಳೆದು ನಮ್ಮ ಅಬೋಬೊ ಬೀದಿಯಲ್ಲಿ ಬಂದೂಕು ಇಳಿಯಿತು. ಅದೇನು ಸದ್ದು ಎಂದು ನೀವು ಕೇಳಿದಿರಿ, ನಾನು ಎದುರುಮನೆಯವರು ತಗಡು ರಿಪೇರಿ ಮಾಡಿಸುತ್ತಿದ್ದಾರೆ ಎಂದೆ. ಮಂಚದ ಕೆಳಗೆ ಮಲಗಿ ಹೇಳಿದ ಮಾತು ಅದು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಅಷ್ಟು ಪ್ರೀತಿಯಿಂದ ಮಾತಾಡಿದ್ದು ಅದೇ ಎರಡು ಸಲ.

ಮೂರನೆಯ ದಿನ ಬೆಳಿಗ್ಗೆ ಬೀದಿಗೆ ಬೀದಿಯೇ ಖಾಲಿಯಾಗತೊಡಗಿತು. ಆಹು ಗಂಡನ ಊರಿನಲ್ಲಿದ್ದಳು, ಪುಣ್ಯ. ನಾನು ಅಂಗಡಿಯ ತಳ್ಳುಗಾಡಿ ತಂದು ನಿಮ್ಮ ಪೆಟ್ಟಿಗೆ ಇಟ್ಟೆ, ಮೇಲೆ ಒಂದು ಚಾಪೆ. ಪಾತ್ರೆಗಳನ್ನೆಲ್ಲ ಬಿಟ್ಟೆ. ಅನ್ಯಾಮಾದಲ್ಲಿರುವ ತಂಗಿಯ ಮನೆಗೆ ಹೊರಟೆ. ರಸ್ತೆ ತುಂಬ ಹಾಸಿಗೆ ಹೊತ್ತ ಜನ.

ಪೆಟ್ರೋಲ್ ಬಂಕಿನ ಗೋಡೆಗೆ ಒರಗಿ ದರ್ಜಿ ಸಿಯಾಕಾ ಅಜ್ಜ ಕೂತಿದ್ದ. ನಮ್ಮ ಮದುವೆಗೆ ನಿಮ್ಮ ಕೋಟು ಹೊಲಿದವನೇ. ತೊಡೆಗೆ ಗುಂಡು ಬಿದ್ದು, ಅಳತೆ ಟೇಪನ್ನೇ ಬಿಗಿದು ಕಟ್ಟಿಕೊಂಡಿದ್ದ. ಉತ್ತರದವನು ಎಂದು ಅವನ ಮೇಲೆ ಒಂದು ಗುಂಪಿಗೆ ಕಣ್ಣು. ಅವನಿಗೆ ಕೈಕೊಟ್ಟರೆ ನಮಗೇನಾದೀತೋ ಎಂದು ಉಳಿದವರಿಗೆ ಭಯ. ನಾನು ಅವನನ್ನು ಕಂಡ ಕೂಡಲೇ ಗಾಡಿ ನಿಲ್ಲಿಸಿದೆ. ಅವನು ನನ್ನನ್ನೂ ಗಾಡಿಯನ್ನೂ ನೋಡಿ, "ನೀನು ಹೋಗವ್ವ. ನಿನ್ನ ಸಾಮಾನಿದೆ," ಎಂದ.

ಗಾಡಿಯಲ್ಲಿ ಅವನಿಗೂ ಪೆಟ್ಟಿಗೆಗೂ ಇಬ್ಬರಿಗೂ ಜಾಗವಿರಲಿಲ್ಲ, ಆಹುವಿನ ಅಪ್ಪ. ಅವನನ್ನು ಪೆಟ್ಟಿಗೆಯ ಮೇಲೆ ಕೂರಿಸಿ ನೋಡಿದೆ, ಜಾರಿದ. ಪೆಟ್ಟಿಗೆ ಇಳಿಸಿ ಗೋಡೆಯ ಬದಿಗೆ ಇಟ್ಟು, ಮೇಲೆ ಚಾಪೆ ಮುಚ್ಚಿದೆ, ಮಗುವಿಗೆ ಹೊದಿಸಿದ ಹಾಗೆ. ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಳ್ಳಿದೆ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆ ಸಿಕ್ಕಿತು. ಬದುಕಿದ.

ಹನ್ನೆರಡು ದಿನ ಬಿಟ್ಟು ಹುಡುಕಿಕೊಂಡು ಹೋದೆ. ಪೆಟ್ಟಿಗೆ ಅಲ್ಲೇ ಹತ್ತಿರದ ಒಬ್ಬಳ ಹತ್ತಿರ ಇತ್ತು, ಇದ್ದಿಲು ತುಂಬಿಟ್ಟಿದ್ದಳು. ಒಳಗಿನ ಸುರುಳಿಗಳೇನಾದವು ಎಂದು ಕೇಳಿದೆ. "ಒಲೆ ಹಚ್ಚೋಕೆ ಬಂತು ಬಿಡಕ್ಕಾ, ಚೆನ್ನಾಗಿ ಹತ್ಕೊಳ್ತಿತ್ತು," ಎಂದಳು. ಅವಳ ಮನೆ ಸುಟ್ಟಿತ್ತು, ಮಕ್ಕಳಿಗೆ ಗಂಜಿ ಕಾಯಿಸಬೇಕಿತ್ತು. ನಾನು ಅವಳ ಹತ್ತಿರವೇ ಎರಡು ಸೇರು ಇದ್ದಿಲು ಕೊಂಡು ಬಂದೆ. ಯಾಕೆ ಕೊಂಡೆ ಎಂದು ಇವತ್ತಿಗೂ ಗೊತ್ತಿಲ್ಲ.

ಆಮೇಲೆ ನೀವು ಕೇಳಿದಾಗಲೆಲ್ಲ ಪೆಟ್ಟಿಗೆ ಕ್ಷೇಮ, ಗೆದ್ದಲು ಹತ್ತದ ಹಾಗೆ ಎಣ್ಣೆ ಸವರಿದ್ದೇನೆ ಎಂದೆ. ಹೊರಟುಬರುತ್ತೇನೆ ಎಂದು ನೀವು ಅಂದ ಒಂದೆರಡು ಸಲ, ಈಗ ಬೇಡ, ಖರ್ಚು ಯಾಕೆ ಎಂದು ತಡೆದೆ. ಕೋಪಕ್ಕೆ ತಡೆದಳು ಎಂದುಕೊಂಡಿರಬೇಕು ನೀವು. ನಿಮ್ಮ ಮುಖ ನೋಡಿ ಹೇಳಲಾರದೆ ತಡೆದೆ.

ನೀವು ಬಂದ ಮೇಲೆ ಬೈಯಿರಿ, ತಿಂಗಳು ಮಾತು ಬಿಡಿ, ಒಪ್ಪಿಕೊಳ್ಳುತ್ತೇನೆ. ಆದರೆ ಮನೆಗೇ ಬನ್ನಿ. ಬ್ಯಾಂಕಿನವರು ಬೇರೆ ಬಿಡಾರ ಕೊಡುತ್ತಾರೆ ಎಂದಿರಲ್ಲ, ಅಲ್ಲಿಗೆ ಹೋಗಬೇಡಿ. ಆ ಚಿತ್ರಗಳಲ್ಲಿ ಯಾರು ಎಲ್ಲಿ ಕೂತಿದ್ದರು, ಯಾರ ಕಾಲುಚೀಲ ಹರಿದಿತ್ತು ಎಂಬುದೆಲ್ಲ ನನಗೆ ಬಾಯಿಪಾಠ. ನಾನು ಹೇಳುತ್ತೇನೆ, ನೀವು ಬರೆದುಕೊಳ್ಳಿ. ತಪ್ಪಿದರೆ ತಿದ್ದಿ.

ಆಹು ಎರಡನೆಯ ಬಸುರಿ. ಸಿಯಾಕಾ ಅಜ್ಜ ಕೋಲು ಹಿಡಿದು ನಡೆಯುತ್ತಾನೆ, ಈಗಲೂ ಹೊಲಿಯುತ್ತಾನೆ. ನೀವು ಯಾವಾಗ ಬರುತ್ತೀರಿ ಎಂದು ಕೇಳುತ್ತಿರುತ್ತಾನೆ. ಆ ಪೆಟ್ಟಿಗೆಯಲ್ಲಿ ಏನಿತ್ತೆಂದು ಅವನಿಗೆ ಹೇಳಿಲ್ಲ.

ನಿಮ್ಮ ದಾರಿ ನೋಡುವ
ಅಫೂಯೆ

ತಾ.ಕ.: ಅಜ್ಜನನ್ನು ಕಂಡ ಕೂಡಲೇ ಗಾಡಿ ನಿಲ್ಲಿಸಿದೆ ಎಂದು ಮೇಲೆ ಬರೆದಿದ್ದೇನೆ. ಕಾಗದದಲ್ಲೂ ಸುಳ್ಳು ಬಂದುಬಿಟ್ಟಿತು, ನೋಡಿ. ಮೊದಲು ನಿಲ್ಲಿಸಲಿಲ್ಲ. ಕಂಡೂ ಕಾಣದವಳ ಹಾಗೆ ಅವನನ್ನು ದಾಟಿ ಮಸೀದಿಯ ತಿರುವಿನವರೆಗೂ ಹೋಗಿದ್ದೆ. ಗಾಡಿಯಲ್ಲಿದ್ದದ್ದು ನನ್ನ ಪಾತ್ರೆಯಾಗಿದ್ದರೆ ಅಲ್ಲೇ ಸುರಿದು ನಿಲ್ಲುತ್ತಿದ್ದೆ. ಅದು ನಿಮ್ಮದಾಗಿತ್ತು. ತಿರುವಿನಲ್ಲಿ ಕಾಲು ಮುಂದೆ ಬರಲಿಲ್ಲ, ಹಿಂದಕ್ಕೆ ತಿರುಗಿದೆ. ನಾನು ದಾಟಿಹೋದದ್ದನ್ನು ಅವನು ನೋಡಿದ್ದನೋ ಇಲ್ಲವೋ, ಮೂರು ವರ್ಷದಿಂದ ಕೇಳುವ ಧೈರ್ಯ ಬಂದಿಲ್ಲ. ನೀವು ಬಂದ ಮೇಲೆ ಇಬ್ಬರೂ ಜೊತೆಗೆ ಹೋಗಿ ಕೇಳೋಣ.